ಅಪ್ಪ, ಅವ್ವ ಯಾರ ಕಡೆಗೆ?

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವ ದಿನ ಊರಿನ ನಾಲ್ಕು ಜನ ಹಿರಿಯರನ್ನು ಕರೆಸಿ ಜಗಲಿಯ ಮೇಲೆ ಕೂರಿಸುವುದು ಹಳೆಯ ರೂಢಿ. ನಾಲೆ ಬಯಲಿನ ಗದ್ದೆ, ದಿಣ್ಣೆಯ ಮೇಲಿನ ಹೊಲ, ಮನೆ, ಕೊಟ್ಟಿಗೆ, ಎತ್ತು, ಗಾಡಿ, ಹಿತ್ತಲಿನ ತೆಂಗಿನ ಮರ ಎಲ್ಲವೂ ಒಂದೊಂದಾಗಿ ಪಾಲಾಗುತ್ತವೆ. ಸಾಲವೂ ಪಾಲಾಗುತ್ತದೆ. ಎಲ್ಲ ಮುಗಿಯಿತು ಎನ್ನುವಾಗ ಗುಂಪಿನಲ್ಲಿ ಯಾರಾದರೊಬ್ಬರು ಕೇಳುತ್ತಾರೆ: ‘ಅಪ್ಪ, ಅವ್ವ ಯಾರ ಕಡೆಗೆ?’

ಈ ಪ್ರಶ್ನೆಗೆ ಹಳ್ಳಿಗಳು ಕಂಡುಕೊಂಡ ಉತ್ತರ ಒಂದೇ ಅಲ್ಲ. ಕೆಲವು ಮನೆಗಳಲ್ಲಿ ಹತ್ತಿಪ್ಪತ್ತು ಗುಂಟೆ ಹೆತ್ತವರ ಹೆಸರಿನಲ್ಲೇ ಉಳಿಯುತ್ತದೆ. ಕೊನೆಗಾಲದಲ್ಲಿ ನೋಡಿಕೊಂಡ ಮಗನಿಗೆ ಅದು ಸೇರಬೇಕೆಂದು ಮಾತಾಗುತ್ತದೆ. ಇನ್ನು ಕೆಲವೆಡೆ ತಿಂಗಳಿಗೊಬ್ಬರಂತೆ ಸರದಿ. ಅಪ್ಪ ದೊಡ್ಡವನ ಮನೆಗೆ, ಅವ್ವ ಚಿಕ್ಕವನ ಮನೆಗೆ ಎಂದು ಐವತ್ತು ವರ್ಷ ಜೊತೆಗೆ ಬಾಳಿದವರನ್ನೇ ಭಾಗ ಮಾಡಿಕೊಳ್ಳುವುದೂ ಉಂಟು. ಒಪ್ಪಂದ ಯಾವುದೇ ಇರಲಿ, ಅದಕ್ಕೆ ಜಗಲಿಯ ಮೇಲಿನ ನಾಲ್ವರು ಸಾಕ್ಷಿ. ಮುಂದೆ ಅನ್ನ ಹಾಕುವುದರಲ್ಲಿ ಎಡವಟ್ಟಾದರೆ ಮಗನನ್ನು ಕರೆದು ಕೇಳುವ ಹಕ್ಕು ಅವರಿಗಿತ್ತು. ಆ ಹಕ್ಕನ್ನು ಯಾವ ಕಾಯ್ದೆಯೂ ಕೊಟ್ಟಿರಲಿಲ್ಲ. ಊರಿನಲ್ಲಿ ತಲೆ ಎತ್ತಿ ನಡೆಯಬೇಕೆಂಬ ಅಂಜಿಕೆಯೇ ಅದರ ಬಲವಾಗಿತ್ತು.

ಆ ನಾಲ್ವರ ಜಾಗದಲ್ಲಿ ಈಗ ಹಲವು ಕಚೇರಿಗಳು ಬಂದು ಕೂತಿವೆ. ತಹಶೀಲ್ದಾರರು, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ, ಜಿಲ್ಲಾ ಪಂಚಾಯಿತಿ, ಗ್ರಾಮ ಪಂಚಾಯಿತಿ, ಸ್ವಯಂಸೇವಾ ಸಂಸ್ಥೆ ಹೀಗೆ ಪ್ರತಿಯೊಬ್ಬರ ಬಳಿಯೂ ಹಿರಿಯರ ಹೊಣೆಯ ಒಂದೊಂದು ತುಣುಕಿದೆ. ತುಣುಕುಗಳನ್ನೆಲ್ಲ ಸೇರಿಸಿ ನೋಡುವವರು ಯಾರು, ಕೆಲಸ ಕೆಟ್ಟರೆ ಲೆಕ್ಕ ಕೇಳುವವರು ಯಾರು ಎಂಬುದು ಈ ಕಾಲದ ಪ್ರಶ್ನೆ.

ನೀರು ಬಂತು, ಬೆಲೆ ಬಂತು

ಕಳೆದ ಶತಮಾನದ ಮೊದಲ ಭಾಗದವರೆಗೆ ಈ ಸೀಮೆಯ ಬಹುಪಾಲು ಭೂಮಿ ರಾಗಿ ಬೆಳೆಯುವ ಬೆದ್ದಲು. ಕೃಷ್ಣರಾಜಸಾಗರದಿಂದ ಹೊರಟ ನಾಲೆ 1930ರ ದಶಕದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲಿಗೆ ನೀರು ತಂದಿತು. ಮೊದಲು ಇರ್ವಿನ್ ನಾಲೆ ಎನಿಸಿಕೊಂಡಿದ್ದ ಅದು ಇಂದಿನ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾಯಿತು. 1939ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಕಬ್ಬು, ಭತ್ತದ ಜೊತೆಗೆ ಭೂಮಿಗೆ ಬೆಲೆಯೂ ಬಂತು. ಗುಂಟೆಗಳ ಲೆಕ್ಕ ಬಿಗಿಯಾಯಿತು.

ಮುಂದಿನ ತಲೆಮಾರುಗಳಲ್ಲಿ ಅದೇ ಭೂಮಿ ಹರಿದು ಹಂಚಿ ಚಿಕ್ಕದಾಯಿತು. ಮಕ್ಕಳು ಬೆಂಗಳೂರಿನ ಬಸ್ಸು, ರೈಲು ಹಿಡಿದರು. ಊರಲ್ಲೇ ಉಳಿದ ಸೊಸೆಯರಲ್ಲೂ ಹಲವರು ಬೆಳಗಾಗುವ ಮೊದಲೇ ಗಾರ್ಮೆಂಟ್ ಕಾರ್ಖಾನೆಯ ವಾಹನ ಹತ್ತುತ್ತಾರೆ. ಮನೆಯಲ್ಲಿ ಹಗಲಿಡೀ ಉಳಿಯುವವರು ಮುದುಕರು ಮತ್ತು ಹಸು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ದೂರವನ್ನು ಇನ್ನಷ್ಟು ತಗ್ಗಿಸಿತು. ಅಕ್ಕಪಕ್ಕದ ಭೂಮಿಯ ಮೇಲಿನ ಆಸೆಯನ್ನು ಹೆಚ್ಚಿಸಿತು.

2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯ ಜನಸಂಖ್ಯೆ 18,05,769. ಆ ವರ್ಷ ಕರ್ನಾಟಕದ ಜನರಲ್ಲಿ ಅರವತ್ತು ದಾಟಿದವರು ಸುಮಾರು ಶೇ 9.5. ದೇಶದ ಸರಾಸರಿ ಶೇ 8.6 ಇತ್ತು. ಅಂದರೆ ಮುಪ್ಪು ನಮ್ಮ ರಾಜ್ಯಕ್ಕೆ ದೇಶಕ್ಕಿಂತ ತುಸು ಮೊದಲೇ ಬರುತ್ತಿದೆ. ಮಕ್ಕಳ ಸಂಖ್ಯೆ ಇಳಿದಂತೆ ಈ ಪಾಲು ಏರುತ್ತಲೇ ಹೋಗುತ್ತದೆ.

ಜಗಲಿಯಿಂದ ನ್ಯಾಯಮಂಡಳಿಗೆ

ಹೆತ್ತವರನ್ನು ಸಾಕುವುದು ಮಕ್ಕಳ ಕರ್ತವ್ಯ ಎಂಬುದು ಕಾನೂನಿಗೆ ಹೊಸದಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಅದಿತ್ತು. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ತಂದೆ ತಾಯಿ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದೇ ಅವಕಾಶ 144ನೇ ಕಲಮಾಗಿ ಉಳಿದಿದೆ. ಆದರೆ ವಕೀಲರ ಫೀಸು, ವಾಯಿದೆಯ ಮೇಲೆ ವಾಯಿದೆ ಎಪ್ಪತ್ತರ ವಯಸ್ಸಿನವರ ಕೈಗೆಟುಕುವ ಮಾತಲ್ಲ. ಸಿಂಗಪುರ 1995ರಲ್ಲಿ ಹೆತ್ತವರ ಜೀವನಾಂಶಕ್ಕೆಂದೇ ಕಾಯ್ದೆ ಮಾಡಿ ಪ್ರತ್ಯೇಕ ನ್ಯಾಯಮಂಡಳಿ ತೆರೆಯಿತು. ನಮ್ಮ ಸಂಸತ್ತು 2007ರ ಡಿಸೆಂಬರ್‌ನಲ್ಲಿ ‘ತಂದೆ ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ’ಯನ್ನು ಅಂಗೀಕರಿಸಿತು. ಕರ್ನಾಟಕದಲ್ಲಿ ಅದು 2008ರ ಏಪ್ರಿಲ್ 1ರಂದು ಜಾರಿಗೆ ಬಂತು.

ಈ ಕಾಯ್ದೆ ನ್ಯಾಯಮಂಡಳಿಯ ಪೀಠದಲ್ಲಿ ಕೂರಿಸಿದ್ದು ನ್ಯಾಯಾಧೀಶರನ್ನಲ್ಲ, ಕಂದಾಯ ಇಲಾಖೆಯ ಉಪವಿಭಾಗಾಧಿಕಾರಿಯನ್ನು. ಮಂಡ್ಯ ಜಿಲ್ಲೆಯಲ್ಲಿ ಎರಡು ಉಪವಿಭಾಗಗಳಿವೆ. ಮಂಡ್ಯ ಉಪವಿಭಾಗಕ್ಕೆ ಸೇರಿದವು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು. ಬಸರಾಳಿನ ತಂದೆಯಾಗಲಿ, ಕೊಪ್ಪದ ತಾಯಿಯಾಗಲಿ, ಹಲಗೂರಿನ ಮಕ್ಕಳಿಲ್ಲದ ವೃದ್ಧರಾಗಲಿ ಅರ್ಜಿ ಹಿಡಿದು ಬರಬೇಕಾದದ್ದು ಮಂಡ್ಯದ ಒಂದೇ ಕಚೇರಿಗೆ. ಭೂ ವ್ಯಾಜ್ಯ, ಚುನಾವಣೆ, ಬರ, ನೆರೆ, ಶಾಂತಿ ಸುವ್ಯವಸ್ಥೆ ಎಲ್ಲವೂ ಅದೇ ಅಧಿಕಾರಿಯ ಹೆಗಲ ಮೇಲಿವೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಅರ್ಜಿಯ ದಾರಿಯನ್ನು ಕಾಯ್ದೆ ಸರಳವಾಗಿಯೇ ಇಟ್ಟಿದೆ. ಹಿರಿಯರು ತಾವೇ ಅರ್ಜಿ ಕೊಡಬಹುದು. ಕೈಲಾಗದಿದ್ದರೆ ಅವರ ಪರವಾಗಿ ಬೇರೊಬ್ಬರು ಅಥವಾ ಒಂದು ಸಂಸ್ಥೆ ಕೊಡಬಹುದು. ಯಾರೂ ಕೊಡದಿದ್ದರೂ ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬಹುದು. ಮಗ, ಮಗಳು, ವಯಸ್ಕ ಮೊಮ್ಮಕ್ಕಳು ಎಲ್ಲರೂ ಹೊಣೆಗಾರರು. ಮಕ್ಕಳಿಲ್ಲದವರಿಗೆ ಅವರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯುವ ಬಂಧುವೇ ಹೊಣೆ. ನೋಟಿಸು ಮುಟ್ಟಿದ 90 ದಿನಗಳಲ್ಲಿ ತೀರ್ಮಾನವಾಗಬೇಕು. ವಿಶೇಷ ಕಾರಣವಿದ್ದರೆ ಮತ್ತೆ 30 ದಿನ. ಮೊದಲು ರಾಜಿ ಮಾಡಿಸುವ ಪ್ರಯತ್ನಕ್ಕೂ ಅವಕಾಶವಿದೆ; ಜಗಲಿಯ ನೆರಳು ಇಲ್ಲಿ ಕಾಣುತ್ತದೆ. ಆದೇಶವನ್ನು ಮಕ್ಕಳು ಮೀರಿದರೆ ಒಂದು ತಿಂಗಳವರೆಗೆ ಸೆರೆವಾಸ. ಹೆತ್ತವರನ್ನು ಕೈಬಿಡುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮೇಲ್ಮನವಿ ಜಿಲ್ಲಾಧಿಕಾರಿಗೆ.

ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. 2007ರಲ್ಲಿ ಬರೆದ ಅಂಕಿ ಅದು. ಆಗ ಅದು ದೊಡ್ಡದಾಗಿ ಕಂಡಿರಬಹುದು. ಇಂದು ಹಾಸಿಗೆ ಹಿಡಿದ ಒಬ್ಬರ ಔಷಧ ಮತ್ತು ಆರೈಕೆಗೆ ಅದು ಸಾಲುವುದು ಕಷ್ಟ. 2025ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಈ ಮಿತಿಯನ್ನು ಮರುಪರಿಶೀಲಿಸುವಂತೆ ಕೇಂದ್ರಕ್ಕೆ ಸಲಹೆ ಮಾಡಿತು.

ದಾನಪತ್ರದ ಒಂದು ಸಾಲು

ಜೀವನಾಂಶಕ್ಕಿಂತ ಹೆಚ್ಚು ಜನ ಕೇಳಿ ತಿಳಿದಿರುವುದು ಈ ಕಾಯ್ದೆಯ 23ನೇ ಕಲಮನ್ನು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದೆ ಹೋದರೆ, ಆ ವರ್ಗಾವಣೆ ಮೋಸದಿಂದ ಆದದ್ದೆಂದು ಭಾವಿಸಿ ನ್ಯಾಯಮಂಡಳಿ ಅದನ್ನು ರದ್ದುಪಡಿಸಬಹುದು.

ಒಬ್ಬ ತಾಯಿ ತನ್ನ ಹೆಸರಿನ ಇಪ್ಪತ್ತು ಗುಂಟೆ ಗದ್ದೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟಳು ಎಂದಿಟ್ಟುಕೊಳ್ಳಿ. ಪತ್ರದಲ್ಲಿ ‘ಪ್ರೀತಿ ವಿಶ್ವಾಸದಿಂದ’ ಎಂದು ಬರೆದಿದೆ. ‘ಜೀವಂತ ಇರುವವರೆಗೆ ಸಾಕಬೇಕು’ ಎಂದು ಬರೆದಿಲ್ಲ. ಪಹಣಿ ಮಗನ ಹೆಸರಿಗೆ ಏರಿತು. ವರ್ಷ ಕಳೆದ ಮೇಲೆ ಅನ್ನ ನಿಂತಿತು. ಈಗ ಗದ್ದೆ ಮರಳಿ ಬರುತ್ತದೆಯೇ? 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪೋಷಣೆಯ ಷರತ್ತಿಗೆ ಒಳಪಟ್ಟೇ ವರ್ಗಾವಣೆ ಆಗಿದೆ ಎಂಬುದು ಸಿದ್ಧವಾಗಬೇಕು ಎಂದಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಓದಬೇಕೆಂದು ಹೇಳಿ ದಾನಪತ್ರ ರದ್ದಾದುದನ್ನು ಎತ್ತಿಹಿಡಿಯಿತು. ಅಲ್ಲಿ ಸಾಕುವುದಾಗಿ ಮಗ ಬರೆದುಕೊಟ್ಟ ಪತ್ರವಿತ್ತು ಎಂಬುದನ್ನು ಮರೆಯುವಂತಿಲ್ಲ. ಆದ್ದರಿಂದ ಉಪ ನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವ ಮೊದಲು ಆ ಒಂದು ಸಾಲು ಪತ್ರದಲ್ಲಿದೆಯೇ ಎಂದು ನೋಡಿಕೊಳ್ಳುವುದು ಮುಖ್ಯ. ಉಯಿಲಿನ ಮಾತು ಬೇರೆ. ಬರೆದವರು ಬದುಕಿರುವವರೆಗೆ ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು.

ನ್ಯಾಯಮಂಡಳಿಯ ಅಧಿಕಾರಕ್ಕೂ ಎಲ್ಲೆಯಿದೆ. ಬೆಂಗಳೂರಿನ ಪ್ರಕರಣವೊಂದರಲ್ಲಿ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸೊಸೆಗಿರುವ ವಾಸದ ಹಕ್ಕನ್ನು ಈ ಕಾಯ್ದೆಯ ಚುಟುಕು ವಿಚಾರಣೆಯಿಂದ ಅಳಿಸಿಹಾಕಲಾಗದು ಎಂದಿತು. ಒಬ್ಬ ಹೆಂಗಸಿನ ಮುಪ್ಪಿನ ಆಸರೆ ಇನ್ನೊಬ್ಬ ಹೆಂಗಸಿನ ಸೂರನ್ನು ಕಿತ್ತುಕೊಳ್ಳಬಾರದು.

ನೋಡಿಕೊಳ್ಳುವವರೇ ಇಲ್ಲದಿದ್ದರೆ

ಮೇಲಿನದೆಲ್ಲ ಮಕ್ಕಳಿದ್ದವರ, ಆಸ್ತಿಯಿದ್ದವರ ಮಾತು. ಎರಡೂ ಇಲ್ಲದವರ ಹೊಣೆ ಸರ್ಕಾರದ್ದು. ಇದು ಎರಡು ರೂಪದಲ್ಲಿ ಬರುತ್ತದೆ. ಒಂದು ಹಣ, ಇನ್ನೊಂದು ಆರೈಕೆ.

ಹಣದ ಮಾತು ತಕ್ಕಮಟ್ಟಿಗೆ ಸ್ಪಷ್ಟವಾಗಿದೆ. 1995ರ ಆಗಸ್ಟ್ 15ರಂದು ಕೇಂದ್ರದ ವೃದ್ಧಾಪ್ಯ ವೇತನ ಯೋಜನೆ ಶುರುವಾದಾಗ ಅದರ ಪಾಲು ತಿಂಗಳಿಗೆ 75 ರೂಪಾಯಿ. ಆ ದಿನಗಳಲ್ಲಿ ಅಂಚೆಯವನು ಮನಿಯಾರ್ಡರ್ ತರುವುದನ್ನೇ ಕಾಯುತ್ತ ಮುದುಕರು ಜಗಲಿಯಲ್ಲಿ ಕೂರುತ್ತಿದ್ದರು. 80 ವರ್ಷದೊಳಗಿನವರಿಗೆ ಕೇಂದ್ರದ ಪಾಲು 2007ರ ನಂತರ 200 ರೂಪಾಯಿಯಲ್ಲೇ ನಿಂತಿದೆ. ಉಳಿದದ್ದನ್ನು ಭರಿಸುವುದು ರಾಜ್ಯ. 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನ 2021ರಲ್ಲಿ 1,200 ರೂಪಾಯಿಗೆ ಏರಿತು. ಅರ್ಜಿ ನಾಡಕಚೇರಿಗೆ, ಮಂಜೂರಾತಿ ತಹಶೀಲ್ದಾರರ ಕಚೇರಿಯಿಂದ, ಹಣ ಖಾತೆಗೆ. ತಡವಾದರೆ ಸಕಾಲ ಕಾಯ್ದೆಯಡಿ ಮೇಲ್ಮನವಿ ಉಂಟು. ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವನ್ನೂ ಕೇಳಬಹುದು. ಬಂತೋ ಇಲ್ಲವೋ ಎಂದು ಪಾಸ್‌ಬುಕ್ಕೇ ಹೇಳುತ್ತದೆ.

ಆರೈಕೆಯ ಮಾತು ಹಾಗಲ್ಲ. ಅನ್ನ ಬಿಸಿಯಾಗಿತ್ತೇ, ಹಾಸಿಗೆ ಒದ್ದೆಯಾದಾಗ ಯಾರಾದರೂ ಬದಲಿಸಿದರೇ, ರಾತ್ರಿ ಕೂಗಿದರೆ ಓಗೊಡುವವರಿದ್ದಾರೆಯೇ ಎಂದು ಯಾವ ಪಾಸ್‌ಬುಕ್ಕೂ ಹೇಳುವುದಿಲ್ಲ. ಸರ್ಕಾರ ಈ ಆರೈಕೆಯನ್ನು ಬಹುಮಟ್ಟಿಗೆ ತಾನೇ ಮಾಡುವುದೂ ಇಲ್ಲ. ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಟ್ಟು ಅವುಗಳಿಂದ ಮಾಡಿಸುತ್ತದೆ. ಕೇಂದ್ರ ಸರ್ಕಾರ 1992ರಿಂದ ನಡೆಸಿಕೊಂಡು ಬಂದಿರುವ ಯೋಜನೆಯಲ್ಲಿ 25 ನಿರ್ಗತಿಕ ಹಿರಿಯರಿಗೆ ಒಂದು ಆಶ್ರಮ ಎಂಬ ಲೆಕ್ಕವಿದೆ. ರಾಜ್ಯದಲ್ಲಿ ಈ ಕೆಲಸ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಸೇರಿದೆ. ಅರ್ಜಿ ಜಿಲ್ಲಾ ಕಚೇರಿಯ ಮೂಲಕ ಹೋಗಬೇಕು. ತಪಾಸಣೆ ಮಾಡಿ ವರದಿ ಬರೆಯುವುದೂ ಅದೇ ಇಲಾಖೆಯೇ.

2007ರ ಕಾಯ್ದೆಯ 19ನೇ ಕಲಮು ಪ್ರತಿ ಜಿಲ್ಲೆಗೆ ಕನಿಷ್ಠ ಒಂದು, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮದ ಮಾತಾಡುತ್ತದೆ. ಆದರೆ ರಾಜ್ಯ ಸರ್ಕಾರ ಅದನ್ನು ‘ಸ್ಥಾಪಿಸಬಹುದು’ ಎಂದಷ್ಟೇ ಹೇಳುತ್ತದೆ, ‘ಸ್ಥಾಪಿಸತಕ್ಕದ್ದು’ ಎನ್ನುವುದಿಲ್ಲ. ಕಾನೂನಿನ ಭಾಷೆಯಲ್ಲಿ ಈ ಎರಡು ಪದಗಳ ನಡುವೆ ಒಂದು ಕಟ್ಟಡದಷ್ಟು ಅಂತರವಿದೆ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ಲೆಕ್ಕವನ್ನು ರಾಜ್ಯಗಳಿಂದ ತರಿಸುವಂತೆ ಕೇಂದ್ರಕ್ಕೆ ಹೇಳಬೇಕಾಯಿತು. ಕಾಯ್ದೆ ಬಂದು ಹನ್ನೊಂದು ವರ್ಷಗಳಾಗಿದ್ದವು.

ಬೇರೆಯವರು ಹೇಗೆ ಕೇಳುತ್ತಾರೆ?

ಹಣ ಕೊಡುವವರೂ ತಪಾಸಣೆ ಮಾಡುವವರೂ ಒಬ್ಬರೇ ಆದರೆ ಏನಾಗುತ್ತದೆ ಎಂಬ ಪ್ರಶ್ನೆ ನಮ್ಮದಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ ಹಿರಿಯರ ಆರೈಕೆ ಸ್ಥಳೀಯ ಕೌನ್ಸಿಲ್‌ಗಳ ಹೊಣೆ. 1990ರ ಕಾಯ್ದೆಯ ನಂತರ ಕೌನ್ಸಿಲ್‌ಗಳು ತಾವೇ ಆರೈಕೆ ಮಾಡುವುದನ್ನು ಕಡಿಮೆ ಮಾಡಿ, ಖಾಸಗಿಯವರಿಂದ, ದತ್ತಿ ಸಂಸ್ಥೆಗಳಿಂದ ಗುತ್ತಿಗೆಯ ಮೇಲೆ ಕೊಳ್ಳತೊಡಗಿದವು. 2014ರ ಆರೈಕೆ ಕಾಯ್ದೆ ಅವುಗಳ ಕರ್ತವ್ಯಗಳನ್ನು ಒಂದೆಡೆ ಸೇರಿಸಿ ಬರೆಯಿತು. ವೃದ್ಧಾಶ್ರಮಗಳನ್ನೂ ಮನೆಗೆ ಬಂದು ನೋಡಿಕೊಳ್ಳುವ ಸಂಸ್ಥೆಗಳನ್ನೂ ನೋಂದಾಯಿಸಿ ತಪಾಸಣೆ ಮಾಡಲು 2009ರಿಂದ ಆರೈಕೆ ಗುಣಮಟ್ಟ ಆಯೋಗ ಎಂಬ ಪ್ರತ್ಯೇಕ ಸಂಸ್ಥೆ ಇದೆ.

ಅಲ್ಲಿಯೂ ಒಂದು ಕೊರತೆ ಕಂಡಿತು. ಆರೈಕೆ ಮಾರುವವರ ಮೇಲೆ ಕಣ್ಣಿದೆ, ಕೊಳ್ಳುವ ಕೌನ್ಸಿಲಿನ ಮೇಲೆ ಇಲ್ಲ. ಕೌನ್ಸಿಲ್ ಅಗ್ಗದ ದರಕ್ಕೆ ಗುತ್ತಿಗೆ ಕೊಟ್ಟು, ಅರ್ಜಿದಾರರನ್ನು ತಿಂಗಳುಗಟ್ಟಲೆ ಕಾಯಿಸಿದರೆ, ತಪ್ಪು ಆಶ್ರಮದ್ದು ಮಾತ್ರವೇ? 2010ರಲ್ಲಿ ಕೈಬಿಟ್ಟಿದ್ದ ಕೌನ್ಸಿಲ್‌ಗಳ ಮೌಲ್ಯಮಾಪನವನ್ನು 2022ರ ಕಾಯ್ದೆ ಮತ್ತೆ ತಂದಿತು. 2023ರಿಂದ ಆಯೋಗ ಒಂದೊಂದೇ ಕೌನ್ಸಿಲ್‌ಗೆ ಹೋಗಿ, ಆರೈಕೆ ಪಡೆಯುವವರನ್ನೂ ಮನೆಯಲ್ಲಿ ನೋಡಿಕೊಳ್ಳುವವರನ್ನೂ ಮಾತಾಡಿಸಿ, ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಟ್ಟು ವರದಿ ಪ್ರಕಟಿಸುತ್ತದೆ. ಇದರಿಂದ ಅಲ್ಲಿನ ಮುದುಕರ ಕಷ್ಟವೆಲ್ಲ ತೀರಿತೆಂದಲ್ಲ. ಹಣದ ಕೊರತೆ, ಕೆಲಸದವರ ಕೊರತೆ ಅಲ್ಲಿಯೂ ಇದೆ. ಆದರೆ ಹೊಣೆ ಹೊತ್ತವರನ್ನೂ ಹೊರಗಿನವರೊಬ್ಬರು ಪ್ರಶ್ನಿಸಬೇಕೆಂಬ ತತ್ವ ಅಲ್ಲಿ ಕಾನೂನಾಗಿದೆ.

ನಮ್ಮಲ್ಲೂ ಅಂಥ ಒಂದು ಹೆಜ್ಜೆ ಇಡುವ ಯತ್ನ ನಡೆದಿತ್ತು. 2019ರ ಡಿಸೆಂಬರ್‌ನಲ್ಲಿ ಲೋಕಸಭೆಯ ಮುಂದೆ ಬಂದ ತಿದ್ದುಪಡಿ ಮಸೂದೆಯಲ್ಲಿ ವೃದ್ಧಾಶ್ರಮಗಳ ನೋಂದಣಿ, ಕನಿಷ್ಠ ಗುಣಮಟ್ಟ, ಮನೆ ಆರೈಕೆ ಸಂಸ್ಥೆಗಳ ಮೇಲಿನ ನಿಯಂತ್ರಣ, 10,000 ರೂಪಾಯಿ ಮಿತಿಯ ರದ್ದತಿ ಎಲ್ಲವೂ ಇದ್ದವು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, ವರದಿಯೂ ಬಂತು. 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅಂಗೀಕಾರ ಕಾಣದೆಯೇ ಬಿದ್ದುಹೋಯಿತು.

ಇರುವ ಕಣ್ಣುಗಳು

ಹಾಗೆಂದು ನಮ್ಮಲ್ಲಿ ಮೇಲ್ವಿಚಾರಣೆಯ ದಾರಿಗಳೇ ಇಲ್ಲವೆನ್ನುವಂತಿಲ್ಲ. ಅವು ಚದುರಿವೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2016ರ ಹಿರಿಯ ನಾಗರಿಕರ ಯೋಜನೆಯಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವೃದ್ಧಾಶ್ರಮಗಳಿಗೆ ಭೇಟಿ ಕೊಡಬಹುದು, ಉಚಿತ ನೆರವು ನೀಡಬಹುದು. ಅಧಿಕಾರಿಗಳ ಕರ್ತವ್ಯಲೋಪಕ್ಕೆ 1984ರ ಕಾಯ್ದೆಯ ಲೋಕಾಯುಕ್ತವಿದೆ. ಅನುದಾನ ಎಷ್ಟು, ತಪಾಸಣಾ ವರದಿ ಏನು ಹೇಳಿತು ಎಂದು ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಕೇಳಬಹುದು. 14567 ಎಂಬ ಹಿರಿಯರ ಸಹಾಯವಾಣಿಗೆ ದೇಶದ ಯಾವ ಮೂಲೆಯಿಂದಲೂ ಕರೆ ಮಾಡಬಹುದು. ಗ್ರಾಮಸಭೆಯಲ್ಲಿ ಎದ್ದುನಿಂತು ಪಿಂಚಣಿ ಪಟ್ಟಿಯನ್ನು ಓದಿಸಬಹುದು.

ಚುನಾಯಿತರ ಕಣ್ಣೂ ಒಂದಿತ್ತು. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ ಇರಬೇಕು. ದುರ್ಬಲರ ಯೋಜನೆಗಳ ಬಗ್ಗೆ ಅಧಿಕಾರಿಗಳನ್ನು ಕೂರಿಸಿ ಕೇಳಲು ಅದು ತಕ್ಕ ಜಾಗ. ಆದರೆ 2021ರಲ್ಲಿ ಅವಧಿ ಮುಗಿದ ಮೇಲೆ ಈ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಧಿಕಾರಿಗಳ ಕೆಲಸವನ್ನು ಅಧಿಕಾರಿಗಳೇ ಪರಿಶೀಲಿಸುವ ಸ್ಥಿತಿ ಬಂತು. ಹಳ್ಳಿಯ ಮುದುಕಿಗೆ ಜಿಲ್ಲಾ ಪಂಚಾಯಿತಿ ಚುನಾವಣೆಗೂ ತನ್ನ ಊಟಕ್ಕೂ ಸಂಬಂಧ ಕಾಣದಿರಬಹುದು. ಸಂಬಂಧ ಮಾತ್ರ ಇದೆ.

2025ರಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲ ಅವರು, ವೃದ್ಧರನ್ನು ಸರ್ಕಾರಿ ಆಸ್ಪತ್ರೆಗಳಿಗೆ ಸೇರಿಸಿ ಬಿಟ್ಟುಹೋಗುವ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಗೆ ದೂರು ಕೊಡುವಂತೆ ಆಸ್ಪತ್ರೆಗಳಿಗೆ ಸೂಚಿಸಿದರು. ಇದು ಸರಿಯಾದ ಮಾತೇ. ಆದರೆ ದೂರು ದಾಖಲಾದ ರಾತ್ರಿ ಆ ತಾಯಿ ಎಲ್ಲಿ ಮಲಗಬೇಕು ಎಂಬ ಪ್ರಶ್ನೆಗೆ ಆದೇಶದಲ್ಲಿ ಅಲ್ಲ, ಜಿಲ್ಲೆಯ ಆಶ್ರಮದಲ್ಲಿ ಉತ್ತರ ಸಿಗಬೇಕು.

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಈ ಲೆಕ್ಕ ಕೇಳುವುದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಾಗಿಲ್ಲ. ನ್ಯಾಯಮಂಡಳಿಗೆ ವರ್ಷದಲ್ಲಿ ಎಷ್ಟು ಅರ್ಜಿ ಬಂದವು, ಎಷ್ಟು 90 ದಿನದೊಳಗೆ ಮುಗಿದವು, ಆದೇಶವಾದ ಜೀವನಾಂಶ ನಿಜವಾಗಿ ಕೈಸೇರಿತೇ, ಅನುದಾನ ಪಡೆದ ಆಶ್ರಮದಲ್ಲಿ ಎಷ್ಟು ಹಾಸಿಗೆ, ಎಷ್ಟು ಜನ ಎಂಬಷ್ಟನ್ನು ಮೂರೂ ತಾಲ್ಲೂಕು ಕಚೇರಿಗಳ ಫಲಕದ ಮೇಲೆ ವರ್ಷಕ್ಕೊಮ್ಮೆ ಬರೆದು ಹಾಕಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಓದುವವರದು.

ಜಗಲಿಯ ಮೇಲಿನ ನಾಲ್ವರಿಗೆ ದೊಡ್ಡ ಅಧಿಕಾರವೇನೂ ಇರಲಿಲ್ಲ. ಅವರ ನ್ಯಾಯ ಎಲ್ಲ ಸಲವೂ ನ್ಯಾಯವಾಗಿರಲಿಲ್ಲ. ಹೆಣ್ಣುಮಕ್ಕಳ ಮಾತಿಗೆ, ಬಡವರ ಮಾತಿಗೆ ಅಲ್ಲಿ ಬೆಲೆ ಕಡಿಮೆ. ಆದರೂ ಅವರಲ್ಲೊಬ್ಬರು ದಾರಿಯಲ್ಲಿ ಸಿಕ್ಕ ಮಗನನ್ನು ನಿಲ್ಲಿಸಿ ‘ಅವ್ವ ಉಂಡಳೇನಪ್ಪ?’ ಎಂದು ಕೇಳುತ್ತಿದ್ದರು. ಹೊಣೆಯನ್ನು ಸರ್ಕಾರ ವಹಿಸಿಕೊಂಡಿತೆಂದರೆ ಆ ಪ್ರಶ್ನೆಯನ್ನೂ ವಹಿಸಿಕೊಂಡಂತೆ. ಅದನ್ನು ಯಾರು, ಯಾರಿಗೆ, ಯಾವ ದಿನ ಕೇಳಬೇಕು ಎಂಬುದು ಇನ್ನೂ ಇತ್ಯರ್ಥವಾಗಬೇಕಾಗಿದೆ.